ಗಾಳಿ ಬೀಗರು

ಸುಂಟರಗಾಳಿಯ ಸಿನಿಮಾ ತೆಗೆಯಲು ನಮ್ಮೂರಿಗೆ ಬಂದವರಿಗೆ ಮೊದಲ ದಿನವೇ ಒಂದು ತೊಂದರೆ ಎದುರಾಯಿತು. ಓಡಿ ಎಂದರೆ ಯಾರೂ ಓಡಲಿಲ್ಲ. ಲಾರಿಯ ಮೇಲೆ ಕೂರಿಸಿದ್ದ ಆಳೆತ್ತರದ ಫ್ಯಾನು ಗರಗರ ತಿರುಗಿ ಪೇಟೆ ಬೀದಿಯ ಧೂಳನ್ನೆಲ್ಲ ಎಬ್ಬಿಸಿತು, ಮೈಕು ಹಿಡಿದವನು 'ಆಕ್ಷನ್' ಎಂದು ಕೂಗಿದ, ಅಷ್ಟರಲ್ಲಿ ಮನೆಯೊಳಗೆ ಇದ್ದವರೂ ಹೊರಗೆ ಬಂದರು. ಹೆಂಗಸರು ಸೆರಗು ಸರಿಮಾಡಿಕೊಂಡು ಬಾಗಿಲ ಮುಂದೆ ನಿಂತರು. ಒಬ್ಬಾಕೆ ತಟ್ಟೆಯಲ್ಲಿ ಅರಿಶಿನ ಕುಂಕುಮ ತಂದು ಫ್ಯಾನಿನ ಎದುರಿಗೆ ಹಿಡಿದಳು. ಕುಂಕುಮವೆಲ್ಲ ಹಾರಿ ಅವಳ ಹಿಂದಿದ್ದ ಕ್ಯಾಮೆರಾದವನ ಮುಖ ಮದುಮಗನ ಹಾಗಾಯಿತು. 'ಬಾರವ್ವ, ಈ ಸಲ ಯಾಕೋ ತಡ ಮಾಡ್ದೆ' ಎಂದು ಇನ್ನೊಬ್ಬಾಕೆ ಫ್ಯಾನನ್ನು ಮಾತಾಡಿಸಿದಳು. ಡೈರೆಕ್ಟರು ತಲೆಯ ಮೇಲಿನ ಟೋಪಿ ತೆಗೆದು ತೊಡೆಗೆ ಬಡಿದುಕೊಂಡು 'ಕಟ್' ಎಂದರು. ಅವರ ಹೆಸರು ಪ್ರಭಂಜನ. ಹೆಸರೇ ಬಿರುಗಾಳಿ, ಕೂತಲ್ಲಿ ಕೂರುತ್ತಿರಲಿಲ್ಲ.

ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲವೆಂದು ಕಾಣುತ್ತದೆ. ನಮ್ಮೂರಲ್ಲಿ ಸುಂಟರಗಾಳಿಗೆ ಸೋದರತ್ತೆ ಎನ್ನುತ್ತಾರೆ. ಹೇಳದೆ ಕೇಳದೆ ಬರುತ್ತಾಳೆ, ಬಂದವಳು ನೆಟ್ಟಗೆ ಒಳಗೇ ನುಗ್ಗುತ್ತಾಳೆ, ಕಣ್ಣಿಗೆ ಬಿದ್ದದ್ದನ್ನು ತನ್ನದೇ ಎನ್ನುವ ಹಾಗೆ ಎತ್ತಿಕೊಳ್ಳುತ್ತಾಳೆ, ಹೋಗುವಾಗ ಅದನ್ನು ಇನ್ಯಾರಿಗೋ ಕೊಟ್ಟು ಹೋಗುತ್ತಾಳೆ. ಕೊಡ, ಕಂಬಳಿ, ಮೊರ, ತೊಟ್ಟಿಲು, ಏನೂ ಆದೀತು. ಒಮ್ಮೆ ಯಾರದೋ ಎಮ್ಮೆಯನ್ನು ಗೂಟದ ಸಮೇತ ಎತ್ತಿ ಅಂಚೆ ಮಾಸ್ತರರ ಮಾಳಿಗೆಯ ಮೇಲೆ ಇಳಿಸಿದಳು. ಎಮ್ಮೆ ಮೆಲುಕು ಹಾಕುವುದನ್ನು ಕೂಡ ನಿಲ್ಲಿಸಿರಲಿಲ್ಲ. ಊರಿನ ಗಡಿ ದಾಟಿ ಅವಳು ಇದುವರೆಗೆ ಒಂದು ಸೂಜಿಯನ್ನೂ ಒಯ್ದವಳಲ್ಲ. ಒಂದು ಮನೆಯ ವಸ್ತು ಇನ್ನೊಂದು ಮನೆಯ ಅಂಗಳದಲ್ಲಿ ಬಿದ್ದರೆ, ಬಿದ್ದ ಮನೆಯವರು ಅದರ ಯಜಮಾನನನ್ನು ಕರೆಸಿ, ಕೂರಿಸಿ, ಉಣ್ಣಲಿಕ್ಕೆ ಹಾಕಿ, ಆಮೇಲೆ ವಸ್ತು ಕೊಡಬೇಕು. ಉಣ್ಣದೆ ಒಯ್ದರೆ ಎರಡು ಮನೆಗೂ ಒಳ್ಳೆಯದಲ್ಲ. ಉಂಡ ಮೇಲೆ ಬಾಯಿಗೆ ಒಂದಿಷ್ಟು ಸಿಹಿ ಬಿದ್ದರೆ ಅಲ್ಲಿಂದಾಚೆಗೆ ಎರಡೂ ಮನೆಯವರು ಗಾಳಿ ಬೀಗರು. ನಮ್ಮೂರಲ್ಲಿ ಹೆಣ್ಣು ಕೊಡುವುದು, ತರುವುದು ಗಾಳಿ ಬೀಗರಲ್ಲಿ ಮಾತ್ರ. ಜಾತಕ ಗೀತಕ ನೋಡುವವರು ಆಚೆ ಊರುಗಳಲ್ಲಿ ಇದ್ದಾರಂತೆ.

ನನ್ನ ಕಷ್ಟ ಶುರುವಾಗುವುದು ಇಲ್ಲಿ. ನಾನು ಹಾಲೇಶನನ್ನು ಮದುವೆಯಾಗಬೇಕು ಅಂದುಕೊಂಡಿದ್ದೆ. ಅವನೂ ಹಾಗೇ ಅಂದುಕೊಂಡಿದ್ದ. ಊರು ಕೂಡ ಹಾಗೇ ಅಂದುಕೊಂಡು, ಅಂದುಕೊಂಡು, ಈಗ ಬೇರೆ ವಿಷಯ ಮಾತಾಡಲು ಶುರು ಮಾಡಿತ್ತು. ಹಾಲೇಶನ ಮನೆಯವರದು ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಹುರಿದು ಅರಳಿಸುವ ಕೆಲಸ. ಊರಿಗೆಲ್ಲ ಹಗುರವಾದ ಮನೆ ಅದು. ಸೋದರತ್ತೆ ಬಂದಳೆಂದರೆ ಅವರ ಚೀಲ, ಜರಡಿ, ಬುಟ್ಟಿ, ಹಾಲೇಶನ ಅಂಗಿ, ಎಲ್ಲ ಊರು ಸುತ್ತುತ್ತಿದ್ದವು. ಊರಿನ ಅರ್ಧ ಮನೆಗಳು ಅವರಿಗೆ ಬೀಗರು. ಒಂದು ಬೀದಿ ಈಚೆ ಇದ್ದ ನಮ್ಮ ಮನೆಗೆ ಮಾತ್ರ ಅವರ ಅಂಗಳದಿಂದ ಮಂಡಕ್ಕಿಯ ಹೊರತು ಬೇರೇನೂ ಬರಲಿಲ್ಲ. ಮಂಡಕ್ಕಿ ಲೆಕ್ಕಕ್ಕಿಲ್ಲ. ಹಾರಿದ ಮಂಡಕ್ಕಿ ಗುಬ್ಬಚ್ಚಿಯದು ಎಂಬ ಮಾತೇ ಇದೆ.

ನಮ್ಮ ಮನೆಯಿಂದ ಏನಾದರೂ ಹಾರಿ ಅಲ್ಲಿಗೆ ಹೋಗುವುದಂತೂ ದೂರದ ಮಾತು. ಅಪ್ಪ ಗುರುಬಸಪ್ಪನದು ಕಲ್ಲಿನ ಕೆಲಸ. ಒರಳು, ಬೀಸುಕಲ್ಲು, ರುಬ್ಬುಗುಂಡು ಕಡೆದು ಮಾರುತ್ತಿದ್ದ. ಹಾರಲಾರದ ವಸ್ತುಗಳ ನಡುವೆ ಬದುಕಿ ಬದುಕಿ ಅವನಿಗೆ ಹಾರಬಲ್ಲ ವಸ್ತುಗಳ ಮೇಲೆ ನಂಬಿಕೆಯೇ ಹೋಗಿತ್ತು. ಅಮ್ಮ ತೀರಿಕೊಂಡ ಮೇಲೆ ಇನ್ನೂ ಜೋರಾಯಿತು. ನಮ್ಮ ಮನೆಯ ಪೊರಕೆಗೆ ಒಂದು ಕಲ್ಲು, ಒಗೆದ ಬಟ್ಟೆಯ ಒಂದೊಂದು ತುದಿಗೆ ಒಂದೊಂದು ಕಲ್ಲು, ಸೌಟಿಗೆ ಕೂಡ ದಾರ ಕಟ್ಟಿ ಗೂಡಿನ ಮೊಳೆಗೆ ಬಿಗಿದಿರುತ್ತಿದ್ದ. ಅವನ ಹೆಗಲ ವಸ್ತ್ರದ ತುದಿಯಲ್ಲಿ ಒಂದು ನುಣುಪಾದ ಹರಳುಕಲ್ಲು ಯಾವಾಗಲೂ ಗಂಟಿನಲ್ಲಿರುತ್ತಿತ್ತು. ದಿನಾ ಹೊತ್ತು ಮುಳುಗುವಾಗ ಮನೆ ಸುತ್ತ ಓಡಾಡಿ ಒಂದೊಂದೇ ಗಂಟನ್ನು ಎಳೆದು ನೋಡುತ್ತಿದ್ದ. ಕೊನೆಗೆ ನನ್ನ ಹತ್ತಿರ ಬಂದು 'ಉಂಡ್ಯಾ ಮಗಾ' ಎಂದು ಕೇಳುತ್ತಿದ್ದ. ಊಟ ನಾವಿಬ್ಬರೂ ಜೊತೆಗೇ ಮಾಡಿರುತ್ತಿದ್ದೆವು, ಆದರೂ ಕೇಳುತ್ತಿದ್ದ.

ನಾನು ಪ್ರಯತ್ನ ಮಾಡಲಿಲ್ಲ ಅಂತಲ್ಲ. ಅಪ್ಪ ಕಾಣದಾಗ ಕಲ್ಲು ಬಿಚ್ಚಿ ನನ್ನ ಓಢಣಿಯನ್ನು ಮಾಳಿಗೆಯ ಮೇಲೆ ಬಿಟ್ಟು ಬರುತ್ತಿದ್ದೆ. ಸೋದರತ್ತೆ ಬಂದು ಪಕ್ಕದ ಮನೆಯ ಒನಕೆ ಎತ್ತಿಕೊಂಡು ಹೋಗುತ್ತಿದ್ದಳು, ಓಢಣಿ ಇದ್ದಲ್ಲೇ ಇರುತ್ತಿತ್ತು. ಕೊಟ್ಟದ್ದನ್ನು ಒಯ್ಯುವವಳಲ್ಲ ಅವಳು. ಕಿತ್ತುಕೊಂಡರೇ ಅವಳಿಗೆ ಸಮಾಧಾನ.

'ಒಂದ್ ಕೆಲ್ಸ ಮಾಡ್ಲಾ' ಎಂದಿದ್ದ ಹಾಲೇಶ ಒಂದು ದಿನ. ಭಟ್ಟಿಯ ಬೂದಿ ಕೂತು ಅವನ ಹುಬ್ಬು ಯಾವಾಗಲೂ ಅಜ್ಜನ ಹುಬ್ಬಿನ ಹಾಗೆ ಕಾಣುತ್ತಿತ್ತು. 'ನಾನೇ ನಿಮ್ಮನೆ ಗೋಡೆ ಹಾರಿ ಏನಾರ ಎತ್ಕಂಡು ಬರ್ತೀನಿ. ಗಾಳಿ ತಂತು ಅಂದ್ರಾಯ್ತು.'

'ಏನ್ ಎತ್ಕಂಡು ಹೋಗ್ತೀಯ?'

'ಕೈಗೆ ಸಿಕ್ಕಿದ್ದು.'

'ನಮ್ಮನೇಲಿ ಕೈಗೆ ಸಿಕ್ಕೋದು ಒರಳುಕಲ್ಲು. ಎತ್ತು ನೋಡೋಣ.'

ಅವನು ತನ್ನ ತೋಳು ನೋಡಿಕೊಂಡ. ಮಂಡಕ್ಕಿ ಎತ್ತಿ ಬೆಳೆದ ತೋಳು.

ಶೂಟಿಂಗಿನವರು ಬಂದದ್ದು ಇಂಥ ಹೊತ್ತಿನಲ್ಲಿ. ಅವರ ಮಾತು ನಮ್ಮವರಿಗೆ, ನಮ್ಮವರ ಮಾತು ಅವರಿಗೆ ತಿಳಿಸಲು ಯಾರಾದರೂ ಬೇಕಾಗಿತ್ತು. ಎರಡೂ ಕಡೆ ಮಾತಾಡುತ್ತಿದ್ದುದು ಕನ್ನಡವೇ, ಆದರೂ ಬೇಕಾಗಿತ್ತು. ಎದುರಿಗೆ ನಿಂತಿದ್ದವಳು ನಾನು. 'ನಿಮ್ಮ ಹೆಸರೇನು? ಓಂಕಾರಿಯಾ? ಓಂಕಾರಿಯವರೇ, ಇವರಿಗೆ ಸ್ವಲ್ಪ ಭಯ ಪಡೋಕೆ ಹೇಳಿ' ಎಂದರು ಪ್ರಭಂಜನ ಸರ್. ನಾನು ಜನರನ್ನು ಕೂಡಿಸಿದೆ. ಎಲ್ಲರಿಗಿಂತ ಮುಂದೆ ಬಂದು ಕೂತವಳು ದ್ಯಾಮಜ್ಜಿ, ಹಾಲೇಶನ ಅಜ್ಜಿ. ಹಾಲೇಶನ ಅಪ್ಪ ಅಮ್ಮ ದಿನವಿಡೀ ಭಟ್ಟಿಯ ಬೆಂಕಿಗೆ ಮುಖ ಕೊಟ್ಟು ಕೂತಿರುವವರು, ಆ ಮನೆಯ ಮಾತೆಲ್ಲ ಅಜ್ಜಿಯದೇ.

ಪ್ರಭಂಜನ ಸರ್ ಕುಕ್ಕುರುಗಾಲಲ್ಲಿ ಕೂತು ಮೆಲ್ಲಗೆ ಹೇಳಿದರು. 'ಅಜ್ಜಿ, ಗಾಳಿ ಬಂತು. ನಿಮ್ಮನೆ ಹೋಯ್ತು. ಪಾತ್ರೆ ಹೋಯ್ತು, ಬಟ್ಟೆ ಹೋಯ್ತು. ಎಲ್ಲಾ ಹೋಯ್ತು. ಈಗ ನಿಮಗೆ ಏನನ್ಸುತ್ತೆ?'

ದ್ಯಾಮಜ್ಜಿ ಎಲೆ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದಳು. 'ಯಾರ ಮನೆಗೆ?'

'ಏನು ಯಾರ ಮನೆಗೆ?'

'ಹೋಯ್ತು ಅಂದ್ಯಲ್ಲಪ್ಪ. ಯಾರ ಮನೆಗೆ ಹೋಯ್ತು?'

'ಯಾರ ಮನೆಗೂ ಇಲ್ಲ ಅಜ್ಜಿ. ಹೋಯ್ತು ಅಂದ್ರೆ ಹೋಯ್ತು. ಇನ್ನಿಲ್ಲ.'

ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೆಲವರು ಪಾಪ ಎನ್ನುವ ಹಾಗೆ ಡೈರೆಕ್ಟರನ್ನು ನೋಡಿದರು. 'ಹಂಗೆಲ್ಲ ಹೋಗಾಕೆ ಜಾಗ ಎಲ್ಲೈತಪ್ಪ' ಎಂದಳು ದ್ಯಾಮಜ್ಜಿ. 'ಹೋಯ್ತು ಅಂದ್ಮೇಲೆ ಒಂದ್ ಕಡೆ ಹೋಗ್ಲೇಬೇಕು. ನೀನು ವಿಚಾರಿಸಿ ಹೇಳು, ನಾವು ಇಲ್ಲೇ ಇರ್ತೀವಿ.' ಪ್ರಭಂಜನ ಸರ್ ನನ್ನ ಕಡೆ ತಿರುಗಿದರು. ಎಷ್ಟು ಯೋಚಿಸಿದರೂ 'ಇಲ್ಲವಾಯಿತು' ಎನ್ನುವುದಕ್ಕೆ ನಮ್ಮೂರಿನ ಮಾತು ನನಗೂ ಹೊಳೆಯಲಿಲ್ಲ.

ಮರುದಿನ ಸೋದರತ್ತೆಯೇ ಬಂದಳು. ಅವಳು ಬಂದಾಗ ಕ್ಯಾಮೆರಾದವರು ಊಟಕ್ಕೆ ಕೂತಿದ್ದರು, ಕ್ಯಾಮೆರಾದ ಮೇಲೆ ಧೂಳು ಬೀಳದಿರಲೆಂದು ಟಾರ್ಪಾಲು ಹೊದಿಸಿತ್ತು. ಕೆಂಪು ಧೂಳಿನ ಕಂಬವೊಂದು ಸೊಂಟ ಬಳುಕಿಸಿಕೊಂಡು ಪೇಟೆ ಬೀದಿಯಲ್ಲಿ ನಡೆದು ಬಂದು, ಫ್ಯಾನಿನ ಎದುರಿಗೆ ಸ್ವಲ್ಪ ಹೊತ್ತು ನಿಂತು, ಇದ್ಯಾರು ಎನ್ನುವ ಹಾಗೆ ನೋಡಿ, ಪ್ರಭಂಜನ ಸರ್ ಬಿಟ್ಟಿದ್ದ ಚಪ್ಪಲಿಗಳನ್ನು ಎತ್ತಿಕೊಂಡು ಹೋಯಿತು. ಒಂದು ಚಪ್ಪಲಿ ಅಂಚೆ ಮಾಸ್ತರರ ಮನೆಯಲ್ಲಿ, ಇನ್ನೊಂದು ಬಳೆಗಾರರ ಮನೆಯಲ್ಲಿ ಸಿಕ್ಕಿತು. ಎರಡು ಕಡೆಯೂ ಉಣ್ಣದೆ ಕೊಡುವುದಿಲ್ಲ ಎಂದರು. ಹೊಟ್ಟೆ ಸರಿಯಿಲ್ಲ, ಬರೀ ಮಜ್ಜಿಗೆ ಕುಡಿಯುತ್ತೇನೆ ಎನ್ನುತ್ತಿದ್ದ ಮನುಷ್ಯ ಅವತ್ತು ಎರಡು ಮನೆಯ ಹೋಳಿಗೆ ತಿಂದು, ಎರಡು ಮನೆಗೆ ಬೀಗರಾಗಿ, ಲಾರಿಯ ನೆರಳಲ್ಲಿ ಬೆಲ್ಟು ಸಡಿಲಿಸಿಕೊಂಡು ಮಲಗಿದರು. ಬಳೆಗಾರರ ಮನೆಯವರು ಅವರಿಗೆ ಮದುವೆಯಾಗಿದೆಯೇ ಎಂದು ನನ್ನ ಹತ್ತಿರ ವಿಚಾರಿಸಿದರು.

ಎದ್ದವರೇ ಅವರು ನಮ್ಮ ಅಂಗಡಿಯ ಮುಂದೆ ಹಾದುಹೋಗುತ್ತಿದ್ದಾಗ ಅಪ್ಪನನ್ನು ಕಂಡರು. ಅಪ್ಪ ಒರಳಿಗೆ ಉಳಿ ಹಾಕುತ್ತಿದ್ದವನು ತಲೆಯೆತ್ತಿ ಆಕಾಶ ನೋಡಿದ. ಅದು ಅವನ ಅಭ್ಯಾಸ. ಪ್ರಭಂಜನ ಸರ್ ಅಲ್ಲೇ ನಿಂತುಬಿಟ್ಟರು. 'ಓಂಕಾರಿಯವರೇ, ಇಡೀ ಊರಲ್ಲಿ ಚಿಂತೆ ಇರೋ ಮುಖ ಇದೊಂದೇ. ಯಾರಿವರು?'

'ನಮ್ಮಪ್ಪ.'

'ಇವರು ನನಗೆ ಬೇಕು.'

ಅಪ್ಪ ಮೊದಲು ಆಗುವುದಿಲ್ಲ ಎಂದ. ಆಮೇಲೆ ಎಷ್ಟು ಹೊತ್ತಿನ ಕೆಲಸ ಎಂದು ಕೇಳಿದ. ಪ್ರಭಂಜನ ಸರ್ ವಿವರಿಸಿದರು. ಅಪ್ಪ ಅಂಗಡಿಯ ಮುಂದೆ ನಿಂತಿರಬೇಕು. ಫ್ಯಾನು ತಿರುಗುತ್ತದೆ. ಹೆಗಲ ಮೇಲಿನ ವಸ್ತ್ರ ಹಾರುತ್ತದೆ. ಕಾಣದ ಹಾಗೆ ಕಟ್ಟಿದ ಗಾಳದ ದಾರವನ್ನು ಅವರ ಕಡೆಯವನೊಬ್ಬ ಎಳೆಯುತ್ತಾನೆ. ವಸ್ತ್ರ ಮಾಳಿಗೆಗಳ ಮೇಲೆ ಹಾರಿ ಹಿಂದಿನ ಬೀದಿಯಲ್ಲಿ ಎಲ್ಲಾದರೂ ಬೀಳುತ್ತದೆ. ಅಪ್ಪ ಅದನ್ನು ನೋಡುತ್ತ ನಿಂತಿರಬೇಕು, ಅಷ್ಟೇ.

'ನನ್ನ ವಸ್ತ್ರ ಹಾರೋದಿಲ್ಲ' ಎಂದ ಅಪ್ಪ, ಗಂಟಿನ ಹರಳುಕಲ್ಲು ತೋರಿಸಿ.

'ಬಿಚ್ಚಬೇಕಾಗುತ್ತೆ ಸರ್.'

ಅಂಗಡಿಯ ಮುಂದೆ ಅಷ್ಟರಲ್ಲಿ ಜನ ಸೇರಿದ್ದರು. ಅಪ್ಪ ಎಲ್ಲರನ್ನೂ ಒಮ್ಮೆ ನೋಡಿದ, ನನ್ನನ್ನೂ ನೋಡಿದ. ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದ. 'ಬಿಚ್ತೀನಿ. ಆದ್ರೆ ಒಂದ್ ಮಾತು ಈಗ್ಲೇ ಹೇಳಿರ್ತೀನಿ. ಇದು ಮೆಷಿನ್ ಗಾಳಿ. ಡೀಸೆಲ್ ಹಾಕಿದ್ರೆ ಬರ್ತೈತೆ, ತೆಗೆದ್ರೆ ನಿಲ್ತೈತೆ. ಇದು ಸೋದರತ್ತೆ ಅಲ್ಲ. ಇದ್ರಿಂದ ಯಾರೂ ಯಾರಿಗೂ ಏನೂ ಆಗೋದಿಲ್ಲ.' ಜನ ತಲೆಯಾಡಿಸಿದರು. ಅದು ಸರಿ ಎಂದೇ ನನಗೂ ಅನ್ನಿಸಿತು. ಆದರೂ ಪ್ರಭಂಜನ ಸರ್ 'ವಸ್ತ್ರ ಎಲ್ಲಿ ಬಿದ್ದರೆ ಚೆನ್ನಾಗಿರುತ್ತೆ' ಎಂದು ಆಚೆ ಈಚೆ ನೋಡುತ್ತಿದ್ದಾಗ, ಹಿಂದಿನ ಬೀದಿಯ ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಏಳುತ್ತಿರುತ್ತದೆ, ಕ್ಯಾಮೆರಾದಲ್ಲಿ ಬಹಳ ಚೆಂದ ಕಾಣುತ್ತದೆ ಎಂದು ನಾನೇ ಹೇಳಿದೆ. ಬಾಯಿ ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಟೇಕ್. ಅಪ್ಪ ಹರಳುಕಲ್ಲನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ನಿಂತ. ಫ್ಯಾನು ತಿರುಗಿತು. ಇಷ್ಟು ವರ್ಷ ಕಲ್ಲಿಗೆ ಕಟ್ಟಿಸಿಕೊಂಡಿದ್ದ ವಸ್ತ್ರ ಒಮ್ಮೆ ಮೈ ಮುರಿದು ಹಕ್ಕಿಯ ಹಾಗೆ ಎದ್ದಿತು. ನಮ್ಮ ಮಾಳಿಗೆ ದಾಟಿ, ಹುಣಸೆಮರದ ತುದಿ ಸವರಿ, ಹಿಂದಿನ ಬೀದಿಗೆ ಇಳಿದು ಭಟ್ಟಿಯ ಅಂಗಳದಲ್ಲಿ, ಜರಡಿ ಹಿಡಿದು ಕೂತಿದ್ದ ದ್ಯಾಮಜ್ಜಿಯ ಮಡಿಲಿಗೇ ಬಿತ್ತು. ಬಲು ಚೆಂದ ಹಾರಿತ್ತು. ಆದರೆ ಅಪ್ಪ ಪೂರ್ತಿ ಹೊತ್ತು ಕ್ಯಾಮೆರಾವನ್ನೇ ನೋಡುತ್ತಿದ್ದ.

ಇನ್ನೊಂದು ಟೇಕ್ ಎಂದರು. ವಸ್ತ್ರ ತರಲು ಅವರ ಕಡೆಯವನೊಬ್ಬ ಭಟ್ಟಿಗೆ ಓಡಿದ, ಬರಿಗೈಯಲ್ಲಿ ಬಂದ. 'ಸರ್, ಆ ಅಜ್ಜಿ ಅದರ ಮೇಲೆ ಕೂತಿದಾರೆ. ವಸ್ತು ನಿಂದಾ ಅಂದ್ರು. ಇಲ್ಲ ಅಂದೆ. ಯಜಮಾನನ್ನ ಕಳ್ಸು ಅಂದ್ರು.' ಬೇರೆ ವಸ್ತ್ರ ಹಾಕಿಕೊಳ್ಳಿ ಎಂದು ಅಪ್ಪನಿಗೆ ಹೇಳಿದರೆ, ಕಂಟಿನ್ಯುಟಿ ನೋಡುವ ಹುಡುಗಿ ಒಪ್ಪಲಿಲ್ಲ, ಇದೇ ಅಂಚು, ಇದೇ ಕಲೆ ಇರಬೇಕು ಎಂದಳು. ಅಪ್ಪ ಗೊಣಗುತ್ತ ಹೊರಟ. ಹಿಂದೆಯೇ ನಾನು. ನಮ್ಮ ಹಿಂದೆ ಊರು.

'ಬಾ ತಮ್ಮ ಗುರುಬಸಪ್ಪ' ಎಂದಳು ದ್ಯಾಮಜ್ಜಿ. 'ಚಾಪೆ ಹಾಸೈತೆ.'

'ಇದು ಮೆಷಿನ್ ಗಾಳಿ ದ್ಯಾಮವ್ವ.'

'ನಾನೇನು ಅಂದ್ನಾ? ನಮ್ಮಂಗಳಕ್ಕೆ ಒಂದ್ ವಸ್ತ್ರ ಬಂತು. ಬರಿಹೊಟ್ಟೇಲಿ ಕಳಿಸಿದ್ರೆ ನಮ್ಮನೆ ಮರ್ಯಾದೆ ಏನಾಗ್ಬೇಕು. ನಾಕು ಕಾಳು ಮಂಡಕ್ಕಿ ತಿಂದ್ರೆ ನಿನ್ನ ಕಲ್ಲೇನು ಸವೆಯಲ್ಲ.'

ಅಪ್ಪ ಯೋಚಿಸಿದ. 'ತಿಂತೀನಿ. ಸಿಹಿ ಮಾತ್ರ ಮುಟ್ಟೋದಿಲ್ಲ.'

'ನಿನಗೆ ಸಿಹಿ ಕೊಡೋಷ್ಟು ಪ್ರೀತಿ ನನಗೂ ಇಲ್ಲ, ಕೂತ್ಕೋ' ಎಂದಳು ಅಜ್ಜಿ.

ಹಾಲೇಶ ಒಗ್ಗರಣೆ ಮಂಡಕ್ಕಿ ತಂದಿಟ್ಟ. ಇಡುವ ಅವಸರಕ್ಕೆ ತಟ್ಟೆಯಿಂದ ಒಂದಷ್ಟು ಮಂಡಕ್ಕಿ ಹಾರಿಹೋಯಿತು. ಅಪ್ಪ ತಿಂದ, ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಎರಡನೆಯ ಟೇಕಿನಲ್ಲಿ ಕಾಗೆಯೊಂದು ಅಡ್ಡ ಬಂತು. ಅಪ್ಪ ಮತ್ತೆ ಚಾಪೆಯ ಮೇಲೆ ಕೂತು ಮೆಣಸಿನಕಾಯಿ ಬಜ್ಜಿ ತಿಂದ. ಅದರ ಮುಂದಿನದರಲ್ಲಿ ಎಲ್ಲ ಸರಿಯಿತ್ತು, ಆದರೆ ವಸ್ತ್ರ ಹಾರುತ್ತಿದ್ದಂತೆ ಅಪ್ಪ ತಡೆಯಲಾರದೆ 'ಲೇ, ಹಿಡೀರೋ ಅದನ್ನ' ಎಂದು ಕೂಗಿಬಿಟ್ಟ. ಹೀಗೆ ಹೊತ್ತು ಏರುತ್ತ ಹೋಯಿತು. ಪ್ರತಿ ಟೇಕಿಗೂ ಒಂದು ಕೊರತೆ, ಪ್ರತಿ ಕೊರತೆಗೂ ಒಂದು ತಟ್ಟೆ. ಪ್ರಭಂಜನ ಸರ್ ಲಾರಿಗೆ ಒರಗಿ ಕೂತು, ಇಡೀ ಯೂನಿಟ್ಟು ಒಬ್ಬ ಮನುಷ್ಯ ತಿಂದು ಬರುವುದನ್ನೇ ಕಾಯುತ್ತಿರುವ ಸಿನಿಮಾ ತಾವು ಈ ಮುಂಚೆ ಮಾಡಿಲ್ಲ ಎಂದರು.

ದ್ಯಾಮಜ್ಜಿಯ ತಟ್ಟೆಗಳು ಒಂದೇ ಥರ ಇರಲಿಲ್ಲ ಎನ್ನುವುದನ್ನು ನಾನು ನಿಧಾನಕ್ಕೆ ಗಮನಿಸಿದೆ. ಮೊದಲ ಬಜ್ಜಿಯ ಮೆಣಸಿನಕಾಯಿ ಉದ್ದನೆಯದು, ಬರೀ ಹೆಸರಿಗೆ ಮೆಣಸಿನಕಾಯಿ. ಆಮೇಲೆ ಬಂದದ್ದು ಗಿಡ್ಡನೆಯದು. ಅದರ ನಂತರ ಕೆಂಪು ಖಾರ ಕಲಸಿದ ಮಂಡಕ್ಕಿ. ಅದರ ನಂತರ, ಒಂದು ಪಿಂಗಾಣಿ ಜಾಡಿಯ ಮುಚ್ಚಳ ತೆರೆದಾಗ ಅಂಗಳದಲ್ಲಿದ್ದವರೆಲ್ಲ ಸೀನಿದರು. 'ಹಣ್ಣು ಮೆಣಸಿನಕಾಯಿ ರಂಜಕ' ಎಂದಳು ಅಜ್ಜಿ, ರೊಟ್ಟಿಯ ಮೇಲೆ ಧಾರಾಳವಾಗಿ ಹಚ್ಚುತ್ತ. 'ಎಲ್ಲರಿಗೂ ಕೊಡಲ್ಲ ನಾನು ಇದನ್ನ.' ಅಪ್ಪ ಬಿಟ್ಟುಕೊಡುವವನಲ್ಲ. ಕಲ್ಲುಕುಟಿಗನ ನಾಲಿಗೆ ಇದು ಎಂದು ಹೇಳಿ ಬಾಯಿಗಿಟ್ಟ. ಮೊದಲು ಅವನ ಕಿವಿ ಕೆಂಪಾಯಿತು. ಆಮೇಲೆ ಮೂಗು. ನೀರು ಕೇಳಿದ. ಹಾಲೇಶ ಚೊಂಬು ಕೊಟ್ಟ, ಅದು ಮುಗಿಯಿತು. ಕೊಡವನ್ನೇ ತಂದ, ಅದೂ ಇಳಿಯತೊಡಗಿತು. ನೀರು ಬಿದ್ದಷ್ಟೂ ಖಾರ ಹರಡಿಕೊಂಡಿತು. ಬೀದಿಯಾಚೆ ಫ್ಯಾನು ಗರ್ ಎನ್ನುತ್ತಿತ್ತು, ಮೈಕಿನವನು 'ಗುರುಬಸಪ್ಪ ಸರ್ ಬೇಗ' ಎಂದು ಕೂಗುತ್ತಿದ್ದ, ಅಪ್ಪ ನಾಲಿಗೆ ಹೊರಗೆ ಚಾಚಿಕೊಂಡು ಕೈಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದ.

'ದ್ಯಾಮವ್ವ' ಎಂದ ಕೊನೆಗೆ, ಕಣ್ಣು ಮುಚ್ಚಿಕೊಂಡು. 'ಏನಾರ ಸಿಹಿ ಇದ್ರೆ ಕೊಡವ್ವ.'

ಭಟ್ಟಿಯ ಮುಂದೆ ಕೂತಿದ್ದ ಹಾಲೇಶನ ಅಪ್ಪ ಅಮ್ಮ ಇಬ್ಬರೂ ಮೊದಲ ಸಲ ಬೆಂಕಿಯಿಂದ ಮುಖ ತಿರುಗಿಸಿದರು.

'ಏನಂದೆ ತಮ್ಮ? ವಯಸ್ಸಾತು, ಕಿವಿ ಸರಿಯಾಗಿ ಕೇಳಲ್ಲ' ಎಂದಳು ಅಜ್ಜಿ.

'ಸಿಹಿ. ಬೆಲ್ಲ, ಸಕ್ರೆ, ಏನಾರ ಸರಿ.'

ಅವಳ ಸೆರಗಿನಲ್ಲೇ ಇತ್ತು, ಬೆಲ್ಲದ ಪಾಕದ ಮಂಡಕ್ಕಿ ಉಂಡೆ, ನಿಂಬೆಹಣ್ಣಿನ ಗಾತ್ರದ್ದು. ಅಪ್ಪ ಕಸಿದುಕೊಂಡು ಬಾಯಿಗೆ ಹಾಕಿಕೊಂಡ. ಅಗಿದ. ಖಾರ ಇಳಿದ ಸುಖಕ್ಕೆ ಉಸಿರು ಬಿಟ್ಟ. ಕಣ್ಣು ತೆರೆದ. ಸುತ್ತ ನಿಂತಿದ್ದ ಊರನ್ನು ನೋಡಿದ. ಅಗಿಯುವುದನ್ನು ನಿಲ್ಲಿಸಿದ. ಆದರೆ ಅಷ್ಟರಲ್ಲಿ ಉಂಡೆ ಗಂಟಲು ದಾಟಿತ್ತು.

'ಬೀಗರು ತಾವಾಗಿ ಬಾಯಿ ಬಿಟ್ಟು ಸಿಹಿ ಕೇಳಿದ್ರು' ಎಂದಳು ದ್ಯಾಮಜ್ಜಿ ಜನರಿಗೆ. 'ಇಲ್ಲ ಅನ್ನೋಕಾಗ್ತದಾ?'

'ಮೆಷಿನ್ ಗಾಳಿ' ಎಂದ ಅಪ್ಪ. ಅವನ ದನಿ ಬಹಳ ಸಣ್ಣದಾಗಿತ್ತು. 'ನಿನ್ನೆ ಎಲ್ರ ಮುಂದೆ ಹೇಳೀನಿ. ಇದು ಗಾಳಿನೇ ಅಲ್ಲ.'

'ಹೌದು, ಹೇಳಿದ್ರು' ಎಂದರು ಒಬ್ಬಿಬ್ಬರು. ಅಂಚೆ ಮಾಸ್ತರರು ಡೀಸೆಲ್ಲಿನ ವಿಷಯ ಯೋಚಿಸಬೇಕಾದ್ದೇ ಎಂದರು. ಹಾಲೇಶ ಖಾಲಿ ಕೊಡವನ್ನು ಅಪ್ಪಿಕೊಂಡು ನಿಂತಿದ್ದ.

ದ್ಯಾಮಜ್ಜಿ ಮೊಣಕಾಲ ಮೇಲೆ ಕೈಯೂರಿ ಎದ್ದಳು. 'ಗಾಳಿ ಬಂದಾಗ ತೂರ್ಕೋಬೇಕು ಅಂತ ಹಿರೇರು ಹೇಳ್ಯಾರೆ. ಯಾರ ಗಾಳಿ ಅಂತ ಹೇಳ್ಯಾರಾ? ಡೀಸೆಲ್ಲಿಂದೋ, ದೇವ್ರದ್ದೋ, ನಾವು ಯಾವತ್ತಾರ ಕೇಳೀವಾ? ಸೋದರತ್ತೆನ ಯಾವಾಗ್ಲಾರ ನಿಲ್ಲಿಸಿ, ಏನವ್ವ, ನೀನು ಏನ್ ಹಾಕ್ಕೊಂಡು ತಿರುಗ್ತೀಯ ಅಂತ ಕೇಳೀವಾ? ವಸ್ತ್ರ ಹಾರ್ತಾ? ಹಾರ್ತು. ನಮ್ಮಂಗಳಕ್ಕೆ ಬಿತ್ತಾ? ಬಿತ್ತು. ಉಂಡ್ಯಾ? ಬೆಳಿಗ್ಗಿಂದ ಉಣ್ತಾನೇ ಇದ್ದೀಯ. ಬೇರೆಯೋರು ಒಂದ್ ಸಲ ಉಂಡು ಬೀಗರಾಗ್ತಾರೆ. ನೀನು ಏಳು ತಲೆಮಾರಿಗಾಗೋಷ್ಟು ಬೀಗ ಆಗಿ ಕೂತೀಯ.'

ಜನ ನಕ್ಕರು. ಅಂಚೆ ಮಾಸ್ತರರೂ ನಕ್ಕರು, ಆ ನಗೆಯಲ್ಲೇ ತೀರ್ಮಾನವಾಯಿತು. ಅಪ್ಪ ಮಾತ್ರ ನಗಲಿಲ್ಲ. ವಸ್ತ್ರವನ್ನು ಎತ್ತಿಕೊಂಡು, ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ಹೆಗಲಿಗೆ ಹಾಕಿಕೊಂಡ. 'ಟೇಕ್ ಐತೆ' ಎಂದು ಯಾರಿಗೋ ಹೇಳುವ ಹಾಗೆ ಹೇಳಿ ನಡೆದ. ನಾನು ಅವನ ಹಿಂದೆ ನಡೆದೆ. ಒಂದು ಬೀದಿಯಷ್ಟೇ ದೂರ, ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ನಮ್ಮ ಬಾಗಿಲ ಹತ್ತಿರ ಬಂದಾಗ, ಮುಖ ಆ ಕಡೆಗೇ ಇಟ್ಟುಕೊಂಡು ಕೇಳಿದ. 'ಆ ಹುಡುಗ ಒರಳು ಎತ್ತಾನಾ?'

'ಇಲ್ಲಪ್ಪ.'

'ಉರುಳಿಸೋಕಾದ್ರೂ ಬರ್ತೈತಾ?'

'ಕಲಿತಾನೆ.'

'ಹೂಂ' ಎಂದ ಅಪ್ಪ.

ಪ್ರಭಂಜನ ಸರ್ ವಸ್ತ್ರದ ಆಸೆ ಬಿಟ್ಟಿದ್ದರು. ಬೆಳಕು ಇರುವಾಗಲೇ ದೊಡ್ಡ ದೃಶ್ಯ ಮುಗಿಸೋಣ ಎಂದರು. ಅಂಗಡಿಗೆ ಅಂಟಿಕೊಂಡಿದ್ದ ನಮ್ಮ ಮನೆಯ ಮುಂದೆ ಅವರು ರಟ್ಟು, ತೆಳು ಹಲಗೆಗಳಿಂದ ಒಂದು ಮನೆಯ ಮುಂಭಾಗ ಕಟ್ಟಿದ್ದರು, ಬಾಗಿಲು, ಕಿಟಕಿ, ಬಣ್ಣ ಎಲ್ಲ ಥೇಟು ಮನೆಯ ಹಾಗೇ. ಫ್ಯಾನಿನ ಗಾಳಿಗೆ ಅದು ಬಿದ್ದುಹೋಗಬೇಕು. ಅಪ್ಪ ಎದುರಿಗೆ ನಿಂತು ನೋಡಬೇಕು. ಊರಿನವರು ಅವನ ಸುತ್ತ ನಿಲ್ಲಬೇಕು. ಯಾರೂ ಕೈಮುಗಿಯಬಾರದು, ಯಾರೂ ಫ್ಯಾನನ್ನು ಮಾತಾಡಿಸಬಾರದು ಎಂದು ನಾನು ಎಲ್ಲರಿಗೂ ಹೇಳಿ, ನಾನೂ ಒಂದು ಬದಿಗೆ ನಿಂತೆ. ಆಕ್ಷನ್ ಎಂದರು.

ಫ್ಯಾನು ತಿರುಗಿತು. ರಟ್ಟಿನ ಮನೆ ಒಮ್ಮೆ ಹಿಂದಕ್ಕೆ ಬಾಗಿ, ಮುಂದಕ್ಕೆ ಬಾಗಿ, ನಡುವೆ ಸೀಳಿ ಎರಡೂ ಬದಿಗೆ ಒರಗಿ ಬಿತ್ತು. ಅದರ ಹಿಂದೆ ನಮ್ಮ ನಿಜವಾದ ಮನೆ ಕಾಣಿಸಿತು. ಬಾಗಿಲ ಪಕ್ಕ ಕಲ್ಲು ಕಟ್ಟಿದ ಪೊರಕೆ. ತಂತಿಯ ಮೇಲೆ ನನ್ನ ಲಂಗ, ನನ್ನ ಓಢಣಿ, ಅವುಗಳ ತುದಿಯಲ್ಲಿ ಅಪ್ಪ ಕಟ್ಟಿದ ಕಲ್ಲುಗಳು. ಅಷ್ಟು ಗಾಳಿಯಲ್ಲೂ ಒಂದೂ ಅಲುಗದೆ ಇಳಿಬಿದ್ದಿದ್ದವು. ಅಪ್ಪ ಅವನ್ನು ನೋಡುತ್ತ ನಿಂತ. ಆಮೇಲೆ ಅವನು ವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡು, ಹೆಗಲು ಕುಣಿಯುವ ಹಾಗೆ, ಎಳೆಮಕ್ಕಳ ಹಾಗೆ ಅತ್ತ. ಅವನು ಹಾಗೆ ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಸೋದರತ್ತೆ ಎಮ್ಮೆ ಹೊತ್ತೊಯ್ದಾಗಲೂ ಮುಖ ಬದಲಿಸದ ಜನ, ಗುರುಬಸಪ್ಪ ಅಳುವುದನ್ನು ಕಂಡು ದಿಕ್ಕು ತಪ್ಪಿದವರ ಹಾಗಾದರು. ಕೆಲವರು ಬಾಯಿಗೆ ಕೈ ಇಟ್ಟರು, ಕೆಲವರು ಅವನ ಕಡೆ ಓಡಿದರು, ಗಟ್ಟಿ ಬಾಯಿಯ ದ್ಯಾಮಜ್ಜಿ ಕೂಡ ಕಣ್ಣೊರೆಸಿಕೊಂಡು 'ಅಯ್ಯೋ ತಮ್ಮ, ಒಂದೇ ಬೀದಿ ಕಣೋ, ಒಂದೇ ಬೀದಿ' ಎನ್ನುತ್ತ ಅವನ ಬೆನ್ನು ಸವರಿದಳು. ಧೂಳಿನ ನಡುವೆ, ಬಿದ್ದ ಮನೆಯ ಮುಂದೆ, ಇಡೀ ಊರು ಅಳುತ್ತಿತ್ತು. ಕ್ಯಾಮೆರಾದವನು ಕಣ್ಣೊರೆಸಿಕೊಳ್ಳುತ್ತಲೇ ಕ್ಯಾಮೆರಾ ತಿರುಗಿಸುತ್ತಿದ್ದ. ಕಟ್ ಎನ್ನುವುದನ್ನು ಎಲ್ಲರೂ ಮರೆತಿದ್ದರು.

ಪ್ರಭಂಜನ ಸರ್ ಓಡಿ ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡರು. ತಮ್ಮ ಜೀವಮಾನದಲ್ಲಿ ಇಂಥ ಶಾಟ್ ತೆಗೆದಿಲ್ಲ ಎಂದರು. ಕ್ಯಾಮೆರಾದ ಪಕ್ಕದ ಪುಟ್ಟ ಪರದೆಯಲ್ಲಿ ಅದನ್ನು ಮತ್ತೆ ನೋಡಿದರು, ಇನ್ನೊಮ್ಮೆ ನೋಡಿದರು, ಆಮೇಲೆ ಅವರ ಮುಖ ಸ್ವಲ್ಪ ಇಳಿಯಿತು. ಎಡಗಡೆಯ ಮೂಲೆಯಲ್ಲಿ ಏನೋ ತಪ್ಪಾಗಿತ್ತು. ಅವರು ತಲೆ ಕೆರೆದುಕೊಳ್ಳುತ್ತ ಬಂದು ಮೆಲ್ಲಗೆ ಕೇಳಿದರು. 'ಸರ್, ಬೇಜಾರಾಗಬೇಡಿ. ಇದನ್ನೇ ಇನ್ನೊಂದು ಸಲ ಮಾಡೋಕಾಗುತ್ತಾ? ಒಂದೇ ಒಂದು ಟೇಕ್.'

ಅಪ್ಪ ಮೂಗು ಒರೆಸಿಕೊಂಡು ಅವರನ್ನು ನೋಡಿದ. 'ಇರೋಳು ಒಬ್ಳೇ ಮಗಳು ಸಾರ್' ಎಂದ. 'ಇನ್ನೊಂದ್ ಸಲ ಹೆಂಗೆ ಅಳ್ಲಿ?'

ಹಾಗಾಗಿ ಸಿನಿಮಾದಲ್ಲಿ ಅದು ಹಾಗೇ ಉಳಿಯಿತು. ಆಚೆ ಊರುಗಳಲ್ಲಿ ಆ ದೃಶ್ಯ ಬಂದಾಗ ಜನ ಗಳಗಳ ಅತ್ತರಂತೆ. ನೋಡಿದವರು ಈಗಲೂ ಕೆಲವೊಮ್ಮೆ ಕೇಳುತ್ತಾರೆ, ಸುಂಟರಗಾಳಿಗೆ ಊರಿಗೆ ಊರೇ ಎಕ್ಕುಟ್ಟಿ ಹೋಗಿ ಎಲ್ಲರೂ ಗೋಳಾಡುತ್ತಿರುವಾಗ, ಪರದೆಯ ಎಡಗಡೆಯ ಮೂಲೆಯಲ್ಲಿ, ಕೆನ್ನೆಯ ಮೇಲೆ ನೀರು ಸುರಿಯುತ್ತಿದ್ದರೂ ಬಾಯಿ ತುಂಬ ಹಲ್ಲು ಬಿಟ್ಟುಕೊಂಡು ನಿಂತಿರುವ ಆ ಹುಡುಗಿ ಯಾರು ಅಂತ. ಅದು ನಾನು.